ಇನ್ನೊಂದು ಲೈಬ್ರರಿಯವರು

ಮಕ್ಕಳು ಅವಳಿಗೆ ‘ಶ್ ಮೇಡಂ’ ಅಂತ ಹೆಸರಿಟ್ಟಿದ್ದರು. ಲೈಬ್ರರಿಯಲ್ಲಿ ಗದ್ದಲವಾದರೆ ಅವಳು ಬೈಯುತ್ತಿರಲಿಲ್ಲ. ತುಟಿಗೆ ಬೆರಳಿಟ್ಟು ‘ಶ್’ ಅನ್ನುತ್ತಿದ್ದಳು, ಅಷ್ಟೇ. ಈಚೆಗೆ ಹಾಗೆ ಅನ್ನುವ ಸಂದರ್ಭವೂ ಬರುತ್ತಿರಲಿಲ್ಲ. ‘ಪೋರ್ಷನ್ ಮುಗಿದಿಲ್ಲ’ ಅಂತ ಲೈಬ್ರರಿ ಪೀರಿಯಡ್ಡುಗಳನ್ನು ಗಣಿತದವರೋ ವಿಜ್ಞಾನದವರೋ ಎತ್ತಿಕೊಂಡು ಹೋಗುತ್ತಿದ್ದರು. ಮೇಲಿನ ಮಹಡಿಯ ಆ ಉದ್ದನೆಯ ಕೋಣೆಯಲ್ಲಿ ಅವಳು, ಒಂದು ಫ್ಯಾನು, ಗೋಡೆಗೊರಗಿದ ಕಪಾಟುಗಳು.

ಮನೆಯಲ್ಲೂ ಮಾತು ಅಷ್ಟಕ್ಕಷ್ಟೇ. ಅಣ್ಣನ ಮನೆಯಲ್ಲಿ ಮೆಟ್ಟಿಲು ಹತ್ತಿದ ಕೂಡಲೇ ಸಿಗುವ ಕೋಣೆ ಅವಳದು. ಅಣ್ಣ ಅತ್ತಿಗೆ ಕೆಟ್ಟವರೇನಲ್ಲ. ಆದರೆ “ಬಂದ್ಯಾ? ಊಟ ಮುಚ್ಚಿಟ್ಟಿದ್ದೀನಿ” ಅನ್ನುವುದರ ಆಚೆಗೆ ಅತ್ತಿಗೆಗೂ ಏನೂ ತೋಚುತ್ತಿರಲಿಲ್ಲ, ಇವಳಿಗೂ ತೋಚುತ್ತಿರಲಿಲ್ಲ.

ಒಂದು ದಿನ ಪ್ರಿನ್ಸಿಪಾಲರು ಕರೆಸಿದರು.

“ಲೈಬ್ರರಿಗೆ ಒಂದು ಪೇಜ್ ಮಾಡಿ ಮೇಡಂ. ಎಲ್ಲಾ ಸ್ಕೂಲಿನವರೂ ಮಾಡಿದ್ದಾರೆ. ಈ ಕಾಲದಲ್ಲಿ ಮೊಬೈಲಲ್ಲಿ ಕಾಣದ್ದು ಇಲ್ಲವೇ ಇಲ್ಲ ಅಂತ ಲೆಕ್ಕ.”

“ನನಗೆ ಅದೆಲ್ಲ ಬರಲ್ಲ ಸರ್.”

“ಬರುತ್ತೆ. ಎರಡು ವಿಷಯ ನೆನಪಿಡಿ. ಮಕ್ಕಳ ಮುಖ ಹಾಕೋ ಹಾಗಿಲ್ಲ. ‘ನಾನು’ ಅಂತ ಬರೆಯೋ ಹಾಗಿಲ್ಲ. ‘ನಾವು’ ಅಂತ ಬರೀರಿ. ಅದು ಸ್ಕೂಲಿನ ಮಾತು.”

ಹೀಗೆ ಅವಳು ‘ನಾವು’ ಆದಳು. ‘ನಾವು ಇವತ್ತು ಕಿತ್ತುಬಂದ ಪುಸ್ತಕಗಳ ಬೆನ್ನಿಗೆ ಬಟ್ಟೆ ಅಂಟಿಸಿದೆವು’ ಅಂತ ಬರೆದು, ಅಂಟು ಮೆತ್ತಿದ ತನ್ನ ಬೆರಳುಗಳ ಫೋಟೋ ಹಾಕಿದಳು. ಯಾರೂ ಮುಟ್ಟದ ಪುಸ್ತಕವೊಂದನ್ನು ಕಿಟಕಿಯ ಬಿಸಿಲಿಗಿಟ್ಟು, ‘ಇದಕ್ಕೆ ಓದುಗರು ಬೇಕಾಗಿದ್ದಾರೆ’ ಅಂತ ಬರೆದಳು. ಬರೆಯುತ್ತ ಕೈ ಪಳಗಿತು. ದೂರದೂರದ ಲೈಬ್ರೇರಿಯನ್ನರು ಪೇಜಿಗೆ ಬಂದು ಮೆಚ್ಚತೊಡಗಿದರು. ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ಹೊಗಳಿದರು. ಅವತ್ತೂ ಲೈಬ್ರರಿ ಪೀರಿಯಡ್ಡು ವಿಜ್ಞಾನದವರ ಪಾಲಾಯಿತು.

ಬಂದು ಹೋಗುವವರ ನಡುವೆ ಒಂದು ಪೇಜು ಮಾತ್ರ ನಿಂತು ಮಾತಾಡಿತು. ಅದು ಬೇರೆ ಊರಿನ ಶಾಲೆಯೊಂದರ ಲೈಬ್ರರಿಯದು. ಮೊದಲು ಬಂದದ್ದು ಒಂದು ಪ್ರಶ್ನೆ: ‘ಚಿತ್ರದ ಪುಸ್ತಕಗಳನ್ನು ಬೆನ್ನು ತೋರಿಸಿ ಇಡಬೇಕೋ, ಮುಖ ತೋರಿಸಿ ಇಡಬೇಕೋ?’

ಅವಳು ಉತ್ಸಾಹದಿಂದ ಮಾರುದ್ದ ಉತ್ತರ ಬರೆದಳು. ‘ಮುಖ ತೋರಿಸಿಯೇ ಇಡಬೇಕು. ಓದಲು ಬಾರದ ಮಗು ಬೆನ್ನು ನೋಡಿ ಏನು ಮಾಡೀತು? ನಾವಂತೂ ಕೆಳಗಿನ ಸಾಲಿನಲ್ಲಿ, ಕೂತ ಮಗುವಿನ ಕಣ್ಣಿಗೆ ಬೀಳುವ ಹಾಗೆ ಇಡುತ್ತೇವೆ...’

ಮರುದಿನ ಇನ್ನೊಂದು ಪ್ರಶ್ನೆ ಬಂತು. ಹುಳ ಹಿಡಿದರೆ ಏನು ಮಾಡಬೇಕು? ಪುಸ್ತಕ ಕಳೆದ ಮಗುವಿಗೆ ಏನು ಹೇಳಬೇಕು? ಇವಳು ಪ್ರತಿಯೊಂದಕ್ಕೂ ಬರೆದಳು. ಆಮೇಲೆ ಪ್ರಶ್ನೆಯಿಲ್ಲದೆಯೂ ಬರೆಯುವುದು ರೂಢಿಯಾಯಿತು. ಆ ಕಡೆಯವರು ತನ್ನ ವಯಸ್ಸಿನ ಹೆಂಗಸು, ಕನ್ನಡಕದ ದಾರ ಕೊರಳಿಗೆ ಹಾಕಿಕೊಂಡವರು ಅಂತ ಅವಳು ಮನಸ್ಸಿನಲ್ಲೇ ಚಿತ್ರ ಬಿಡಿಸಿಕೊಂಡಿದ್ದಳು. ಆದರೆ ಹೆಸರು ಕೇಳಲಿಲ್ಲ. ‘ನಾವು’ ಅಂತ ಬರೆಯುವವರನ್ನು ಹೆಸರು ಕೇಳುವುದು ಹೇಗೆ?

ಒಂದು ಮಧ್ಯಾಹ್ನ ಮನಸ್ಸು ತಡೆಯದೆ ಬರೆದಳು: ‘ಇವತ್ತು ನಮ್ಮಲ್ಲಿಗೆ ಯಾರೂ ಬರಲಿಲ್ಲ.’

ಸ್ವಲ್ಪ ಹೊತ್ತಿಗೆ ಉತ್ತರ ಬಂತು: ‘ನಮ್ಮಲ್ಲಿಗೂ ಯಾರೂ ಬರಲಿಲ್ಲ.’

ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಹೊಟ್ಟೆ ತಣ್ಣಗಾದ ಹಾಗಾಯಿತು.

ಆ ವರ್ಷ ಶಾಲಾ ಲೈಬ್ರೇರಿಯನ್ನರ ತರಬೇತಿ ಆ ಊರಿನಲ್ಲೇ ಇದೆ ಅಂತ ಗೊತ್ತಾದಾಗ ಅವಳು ತಾನಾಗಿ ಹೋಗಿ ಹೆಸರು ಬರೆಸಿದಳು. ‘ನಿಮ್ಮೂರಿಗೆ ಬರುತ್ತಿದ್ದೇವೆ, ನೋಡಲು ಬರಬಹುದೇ?’ ಅಂತ ಕೇಳಿದಳು. ಯಾವಾಗಲೂ ತಡಮಾಡದ ಪೇಜು ಈ ಸಲ ಸುಮ್ಮನಾಯಿತು. ಕೊನೆಗೆ ಒಂದೇ ಸಾಲು: ‘ಪರೀಕ್ಷೆಯ ಸಮಯ, ಲೈಬ್ರರಿ ಮುಚ್ಚಿರುತ್ತದೆ.’

ಲೈಬ್ರರಿ ಮುಚ್ಚಿದ್ದರೆ ಲೈಬ್ರೇರಿಯನ್ ಎಲ್ಲಿಗೆ ಹೋಗ್ತಾರೆ ಅಂದುಕೊಂಡಳು ಇವಳು. ತರಬೇತಿ ಮುಗಿದ ಮೇಲೆ ದಾರಿ ಕೇಳಿಕೊಂಡು ಆ ಶಾಲೆಗೆ ಹೋದಳು.

ಬಾಗಿಲಲ್ಲೇ ರಿಸೆಪ್ಷನ್ ಮೇಜು. ಅದರ ಹಿಂದೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಏನೋ ಬರೆಯುತ್ತಿದ್ದಳು. ಎದುರಿನ ಬೆಂಚಿನಲ್ಲಿ, ಮನೆಗೆ ಕರೆದೊಯ್ಯುವವರಿಗಾಗಿ ಕಾಯುತ್ತ ಸಣ್ಣ ಮಕ್ಕಳು ಕಾಲು ಆಡಿಸುತ್ತಿದ್ದರು.

“ಲೈಬ್ರೇರಿಯನ್ ಮೇಡಂನ ನೋಡ್ಬೇಕಿತ್ತು.” ಇವಳು ತನ್ನ ಶಾಲೆಯ ಹೆಸರು ಹೇಳಿದಳು.

ಆ ಹೆಂಗಸು ಫೋನು ಕೆಳಗಿಟ್ಟಳು. ಮುಖ ಬಿಳಿಚಿಕೊಂಡಿತು.

“ನಮ್ಮಲ್ಲಿ ಲೈಬ್ರೇರಿಯನ್ ಇಲ್ಲ ಮೇಡಂ. ಅವರು ರಿಟೈರ್ ಆದ್ಮೇಲೆ ಬೇರೆಯವರನ್ನ ತಗೊಳ್ಳಲೇ ಇಲ್ಲ.”

“ಮತ್ತೆ ಪೇಜಲ್ಲಿ ಬರೆಯೋರು?”

“ನಾನೇ.”

ಇವಳು ಬ್ಯಾಗನ್ನು ಎದೆಗೆ ಅವುಚಿ ನಿಂತಳು.

“ಹಳೇ ಫೋಟೋಗಳನ್ನೇ ಹಾಕ್ತಾ ಇರು, ಪೇಜ್ ನಿಲ್ಲಬಾರದು ಅಂದ್ರು ನಮ್ಮ ಪ್ರಿನ್ಸಿಪಾಲರು,” ಎಂದಳು ರಿಸೆಪ್ಷನಿಸ್ಟ್, ತಲೆ ತಗ್ಗಿಸಿ. “ಆ ಚಿತ್ರದ ಪುಸ್ತಕದ ಪ್ರಶ್ನೆ ಸುಮ್ನೆ ಕೇಳಿದ್ದು, ಪೇಜಲ್ಲಿ ಏನಾದ್ರೂ ಓಡಾಟ ಕಾಣ್ಲಿ ಅಂತ. ನೀವು ಅಷ್ಟುದ್ದ ಉತ್ತರ ಬರೆದ್ರಿ. ನನಗೆ ಯಾರೂ ಅಷ್ಟುದ್ದ ಬರೆದಿರ್ಲಿಲ್ಲ. ಇನ್ನೊಂದು ಕೇಳೋಣ ಅನ್ನಿಸ್ತು.”

“ನಾನು ಏನೇನೋ ಹೇಳ್ಕೊಂಡೆ ನಿಮ್ಮ ಹತ್ರ. ಯಾರೂ ಬರಲಿಲ್ಲ ಅಂತೆಲ್ಲ.”

“ನಮ್ಮಲ್ಲಿಗೂ ಯಾರೂ ಬರಲಿಲ್ಲ ಅಂದೆನಲ್ಲ, ಅದೊಂದು ಸುಳ್ಳಲ್ಲ ಮೇಡಂ. ಬೀಗ ಹಾಕಿರೋ ಕೋಣೆ.”

ಇವಳಿಗೆ ಸಿಟ್ಟು ಬಂತು. ಇಷ್ಟು ತಿಂಗಳು ಗೋಡೆಯ ಜೊತೆ ಮಾತಾಡಿದೆನಲ್ಲ ಅನ್ನಿಸಿತು. ತಿರುಗಿ ಹೊರಟುಬಿಡುವವಳೇ. ಆದರೆ ಎದುರಿಗಿದ್ದವಳ ಕಣ್ಣು ತುಂಬಿದ್ದು ಕಾಣಿಸಿತು. ಹಿಂದೆಯೇ ಫೋನು ಹೊಡೆದುಕೊಂಡಿತು. ಅವಳು ಮೂಗು ಒರೆಸಿಕೊಂಡು, ದನಿ ನೆಟ್ಟಗೆ ಮಾಡಿಕೊಂಡು, “ನಮಸ್ಕಾರ, ಹೇಳಿ” ಅಂದಳು. ಇಡೀ ದಿನ ಎಲ್ಲರೊಡನೆ ಮಾತಾಡುವವಳು, ಒಬ್ಬರ ಜೊತೆಗೂ ಮಾತಾಡದವಳು. ಇವಳು ಅಲ್ಲೇ ಕಾದಳು.

“ಬೀಗದ ಕೈ ಯಾರ ಹತ್ರ ಇದೆ?”

“ಇಲ್ಲೇ, ನನ್ನ ಹಿಂದೆ.”

ಜವಾನನನ್ನು ಮೇಜಿನ ಬಳಿ ಕೂರಿಸಿ ಇಬ್ಬರೂ ಮಹಡಿ ಹತ್ತಿ ಹೋಗಿ ಲೈಬ್ರರಿಯ ಬಾಗಿಲು ತೆಗೆದರು. ಕಾಲು ಮುರಿದ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಅವುಗಳ ಹಿಂದೆ ಪುಸ್ತಕಗಳು ಇದ್ದಲ್ಲೇ ಇದ್ದವು. ಇವಳು ಬೆಂಚಿನ ಸಂದಿಯಲ್ಲಿ ಕೈ ತೂರಿಸಿ ಒಂದನ್ನು ಎಳೆದು, ಸೆರಗಿನಿಂದ ಧೂಳು ಒರೆಸಿದಳು.

“ಇದನ್ನ ಕೆಳಗೆ ತಗೊಂಡು ಹೋಗ್ಬೇಕು ಅಂದ್ರೆ ಯಾರನ್ನ ಕೇಳ್ಬೇಕು?”

“ಯಾರು ನೋಡ್ತಾರೆ ಮೇಡಂ, ಕೇಳೋಕೆ?”

ಇಬ್ಬರೂ ತೋಳು ತುಂಬ ಪುಸ್ತಕ ಹೊತ್ತು ಇಳಿದರು. ಬೆಂಚಿನ ಪಕ್ಕದ ಕಿಟಕಿಕಟ್ಟೆಯ ಮೇಲೆ ಮುಖ ತೋರಿಸಿ ಸಾಲಾಗಿ ನಿಲ್ಲಿಸಿದರು. ಕಾಲು ಆಡಿಸುತ್ತಿದ್ದ ಹುಡುಗಿಯೊಬ್ಬಳು ಕೇಳದೆಯೇ ಒಂದನ್ನು ಎತ್ತಿಕೊಂಡು, ಬೆಂಚಿನ ಮೇಲೆ ಬೋರಲು ಮಲಗಿ ಪುಟ ತೆರೆದಳು. ರಿಸೆಪ್ಷನಿಸ್ಟ್ ಫೋಟೋ ತೆಗೆಯಲು ಮೊಬೈಲ್ ಎತ್ತಿದಳು.

“ಮುಖ ಬರಬಾರದು,” ಎಂದಳು ಇವಳು. “ಪುಸ್ತಕ, ಕೈ ಬಂದ್ರೆ ಸಾಕು.”

ಹೊರಡುವಾಗ ಇಬ್ಬರೂ ನಂಬರು ಕೊಟ್ಟು ತಗೊಂಡರು. ಆದರೆ ‘ಇನ್ನು ಮೇಲೆ ದಿನಾ ಮಾತಾಡೋಣ’ ಅಂತ ಯಾರೂ ಹೇಳಲಿಲ್ಲ.

ಆ ಪೇಜಿನಲ್ಲಿ ಈಗ ಹೊಸ ಫೋಟೋಗಳು ಬರತೊಡಗಿದವು. ಕಿಟಕಿಕಟ್ಟೆ ಸಾಲದೆ ಯಾರೋ ಒಂದು ಸಣ್ಣ ಕಪಾಟು ತಂದಿಟ್ಟಿದ್ದರು. ಮೆಚ್ಚುವವರೂ ಹೆಚ್ಚಾದರು. ಇವಳಿಗೆ ಬರುವ ಸಂದೇಶಗಳು ಮಾತ್ರ ಕಡಿಮೆಯಾಗುತ್ತ ಬಂದವು. ಆ ಕಡೆಯವಳಿಗೆ ಪುರುಸೊತ್ತಿಲ್ಲ. ಇವಳಿಗೂ, ಮುಖ ನೋಡಿದ ಮೇಲೆ, ‘ನಾವು’ ಅಂತ ಬರೆಯಲು ಕೈ ಬರುತ್ತಿರಲಿಲ್ಲ; ‘ನಾನು’ ಅಂತ ಬರೆಯಲು ನಾಚಿಕೆ. ಬರೆದು ಬರೆದು ಅಳಿಸುತ್ತಿದ್ದಳು. ಅವಳಿಗೆ ಒಳ್ಳೆಯದಾಯ್ತು ಅಂತ ಸಂತೋಷವೇ. ಆ ಸಂತೋಷವನ್ನು ಹೇಳಿಕೊಳ್ಳಲು ಇದ್ದದ್ದೂ ಅವಳೊಬ್ಬಳೇ.

ಒಂದು ದಿನ ಬೆಳಗ್ಗೆ ಇವಳು ಲೈಬ್ರರಿಯಲ್ಲಿ ಕೂತಿದ್ದಾಗ ಅವಳದೇ ಫೋನು ಬಂತು.

“ಮೇಡಂ, ಇಲ್ಲೊಬ್ಳು ಆನೆ ಪುಸ್ತಕ ಮುಗಿಸಿದ್ದಾಳೆ. ಅಂಥದ್ದೇ ಇನ್ನೊಂದು ಬೇಕಂತೆ. ಯಾವುದು ಕೊಡ್ಲಿ?”

ಇವಳು ನೆಟ್ಟಗೆ ಕೂತಳು. “ಆನೆ ಇಷ್ಟವಾಯ್ತಾ, ಕಥೆ ಇಷ್ಟವಾಯ್ತಾ, ಮೊದಲು ಅದನ್ನ ಕೇಳಿ. ಆನೆ ಅಂದ್ರೆ...”

ಆ ಕಡೆ ಮೇಜಿನ ಫೋನು ಬಡಿದುಕೊಂಡಿತು. “ಒಂದ್ನಿಮಿಷ ಮೇಡಂ, ಹಾಗೇ ಇರಿ.”

ಇವಳು ಮೊಬೈಲನ್ನು ಕಿವಿಗೆ ಒತ್ತಿಕೊಂಡಳು. ಆ ಕಡೆ ಅವಳು ಯಾರಿಗೋ ಸಮಯ ಹೇಳುತ್ತಿದ್ದಳು. ಹತ್ತಿರದಲ್ಲೇ ಒಂದು ಮಗು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿತ್ತು, ಇನ್ನೊಂದು ಅದನ್ನು ತಿದ್ದಲು ಹೋಗಿ ತಾನೇ ತಪ್ಪಿತು, ಇಬ್ಬರೂ ನಕ್ಕರು. ಆಮೇಲೆ ಏನೋ ಉರುಳಿದ ಸದ್ದು, ಓಡುವ ಹೆಜ್ಜೆಗಳು. ತನ್ನನ್ನು ಮರೆತುಬಿಟ್ಟಿದ್ದಾರೆ ಅಂತ ಇವಳಿಗೆ ಗೊತ್ತಾಯಿತು. ಬೇಸರವಾಗಲಿಲ್ಲ. ತನ್ನ ಖಾಲಿ ಕೋಣೆಯಲ್ಲಿ ಕೂತು, ಆ ಗದ್ದಲ ತಾನಾಗಿ ಕಡಿದುಹೋಗುವವರೆಗೂ ಕೇಳಿಸಿಕೊಂಡಳು.