ಕೂಗದ ಫರ್ಮ್‌ವೇರ್

ಗುಮಾಸ್ತೆಯ ಉಗುರು ಕೆಂಪು, ಕಿರುಬೆರಳಿನ ಬಣ್ಣ ಮಾತ್ರ ಅರ್ಧ ಎದ್ದುಹೋಗಿದೆ, ಕೀಲಿಮಣೆಯ ಮೇಲೆ ಹತ್ತೂ ಬೆರಳು ಕಾಯುತ್ತಿವೆ — ಫರ್ಮ್‌ವೇರ್ ಅಂದ್ರೇನು ಹೇಳಿ ಇಂಜಿನಿಯರ್ ಸಾಹೇಬ್ರೇ, ಪ್ರಾಸಿಕ್ಯೂಟರ್ ಮೇಡಂ ಎರಡನೇ ಸಲ ಕೇಳುತ್ತಿದ್ದಾರೆ, ಕಡತದ ತುಂಬ ಅದೇ ಪದ, ನಂಗೆ ತಲೆಬುಡ ಗೊತ್ತಾಗ್ಲಿಲ್ಲ, ನಮ್ಮಜ್ಜಿಗೆ ಹೇಳೋ ಹಾಗೆ ಹೇಳಿ. ಅಜ್ಜಿಗೆ ಹೇಳುವ ಹಾಗೆ. ಹಾರ್ಡ್‌ವೇರ್ ಕೈಗೆ ಸಿಗುವಂಥದ್ದು ಮೇಡಂ, ಸಾಫ್ಟ್‌ವೇರ್ ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವಂಥದ್ದು, ಇದು ನಡುವಿನದು, ಕಾರ್ಖಾನೆಯಲ್ಲೇ ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ತುಂಬಿ ಮುಚ್ಚಿಬಿಡುವ ಆಜ್ಞೆಗಳು, ಕರೆಂಟ್ ಹೋದರೂ ಅಳಿಯುವುದಿಲ್ಲ, ಲಿಫ್ಟಿನಲ್ಲಿದೆ, ಬಟ್ಟೆ ಒಗೆಯುವ ಯಂತ್ರದಲ್ಲಿದೆ, ಕೊಂಡವನಿಗೆ ಅದು ಇದೆಯೆಂದೇ ತಿಳಿಯುವುದಿಲ್ಲ — ಬೆರಳುಗಳು ಓಡಿದವು, ನಿಂತವು. ಅಂದ್ರೆ ವಿಷದ ಗಾಳಿ ಬಂದಾಗ ಗೋಡೆ ಮೇಲಿನ ಆ ಪೆಟ್ಟಿಗೆ ಕೂಗ್ಬೇಕು ಅಂತ ಹೇಳೋದು ಅದೇನಾ? ಅದೇ ಮೇಡಂ. ಬರೆದವರು? ನಾನು. ಎಷ್ಟು ಸಲೀಸಾಗಿ ಬಂತು ಆ ನಾನು, ಸಂಬಳದ ಹಾಳೆಗೆ ಸಹಿ ಹಾಕಿದಷ್ಟೇ ಸಲೀಸು. ಮುಂದಿನ ಪ್ರಶ್ನೆ ಗೊತ್ತು, ಬ್ಯಾಟರಿ. ಬೆಳಿಗ್ಗೆ ಕಾರಿನಲ್ಲಿ ಕಾರ್ಖಾನೆಯ ಯಜಮಾನ ಝೆನೋನ್ ಅದನ್ನೇ ಅರೆದರೆದು ಕುಡಿಸಿದ್ದಾನೆ, ನೋಡು ಇಗ್ನಾಸ್, ಬ್ಯಾಟರಿ ಸತ್ತಿತ್ತು ಅನ್ನು, ಮುಗೀತು, ಆ ಮನುಷ್ಯನೇ ಹಂಗಂತ ಹೇಳ್ತಿದಾನೆ, ನಾವ್ಯಾಕೆ ಇಲ್ಲ ಅನ್ಬೇಕು, ನಲವತ್ತು ಜನರ ಅನ್ನ ಕಣಪ್ಪಾ, ನಿಂದೂ ಸೇರಿ. ಆ ಮನುಷ್ಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ, ಗವ್ಲಿಕ್, ಬಿತೋಮ್ ಪೇಟೆಯ ಟ್ರಾಮ್ ಓಡಿಸುವವನು, ಇಲಾಖೆಯ ಜಾಕೀಟಿನಲ್ಲೇ ಬಂದಿದ್ದಾನೆ, ನಾನು ಯಾರೆಂದು ತಿಳಿಯದೆ ಪಕ್ಕಕ್ಕೆ ಸರಿದು ಜಾಗ ಕೊಟ್ಟ, ಕೊಟ್ಟು ಮಾತಾಡಿದ, ಮಾತಾಡದೆ ಇರಲಾಗುವುದಿಲ್ಲ ಅವನಿಗೆ — ಭಾನುವಾರ ಮಧ್ಯಾಹ್ನ ಸ್ವಾಮಿ, ನಾನು ಅಡಿಗೆಮನೇಲಿ ಆಲೂಗಡ್ಡೆ ಸುಲೀತಿದ್ದೆ, ನನ್ನ ಹೆಂಡ್ತಿ ಏವೆಲಿನಾ ಸ್ನಾನಕ್ಕೆ ಹೋದ್ಲು, ಗ್ಯಾಸಿನ ಹೀಟರು, ಚಿಮಣಿಲಿ ಹಕ್ಕಿ ಗೂಡು ಕಟ್ಟಿತ್ತಂತೆ, ವಿಷದ ಗಾಳಿ ಹೊರಗೆ ಹೋಗದೆ ಒಳಗೇ ತುಂಬ್ಕೊಂಡಿತಂತೆ, ಅವಳು ನೀರಲ್ಲಿ ಹಾಡ್ತಾ ಇರ್ತಾಳೆ ಯಾವಾಗ್ಲೂ, ಹಾಡು ನಿಂತಿದ್ದು ನಂಗೆ ಗೊತ್ತಾಗ್ಲೇ ಇಲ್ಲ, ಆ ಪೆಟ್ಟಿಗೆ ಗೋಡೆಗೆ ಹಾಕಿದ ದಿನ ಬಟನ್ ಒತ್ತಿ ನೋಡಿದ್ದೆ, ದೀಪ ಬಂತು, ಸದ್ದಿಲ್ಲ, ಬ್ಯಾಟರಿ ಕಮ್ಮಿ ಇರ್ಬೇಕು, ಶನಿವಾರ ತರ್ತೀನಿ ಅಂದೆ, ಆ ಶನಿವಾರ ಡ್ಯೂಟಿ ಬಿತ್ತು, ನಾನೇ ಕೊಂದೆ ಅವಳನ್ನ ಅಲ್ವಾ? ನನ್ನನ್ನು ಕೇಳಿದ. ನನ್ನನ್ನೇ. ಗೊತ್ತಿಲ್ಲ ಎಂದೆ. ಗೊತ್ತಿತ್ತು. ಕಳೆದ ಮಂಗಳವಾರ ಪೊಲೀಸರು ತಂದುಕೊಟ್ಟ ಪೆಟ್ಟಿಗೆಗೆ ತಂತಿ ಸಿಕ್ಕಿಸಿ ಅದರ ನೆನಪನ್ನು ಓದಿದವನು ನಾನು, ಪಕ್ಕದಲ್ಲಿ ಪೊಲೀಸಿನವನು ಚಹಾ ಕುಡಿಯುತ್ತ ಪರದೆಯ ಬದಲು ಕಿಟಕಿ ನೋಡುತ್ತಿದ್ದ, ಬ್ಯಾಟರಿ ತುಂಬಿದೆ, ವಿಷ ಕಂಡಿದೆ, ಎಚ್ಚರಿಕೆ ಶುರು, ಸದ್ದು ಬಂದ್ — ಸದ್ದು ಬಂದ್, ಅದು ನನ್ನ ಸಾಲು, ಪರೀಕ್ಷೆಯ ಫರ್ಮ್‌ವೇರಿನ ಸಾಲು, ಮೇಜಿನ ಮೇಲೆ ದಿನಕ್ಕೆ ನೂರು ಪೆಟ್ಟಿಗೆ ಕಿರುಚಿದರೆ ತಲೆ ಒಡೆಯುತ್ತದೆಂದು ಪೆಟ್ಟಿಗೆ ಜೋಡಿಸುವ ಹೆಂಗಸರು ಬೈದರು, ಆಗ ಹಾಕಿದ್ದು, ದೀಪ ಮಿನುಗಲಿ, ಬಾಯಿ ಮುಚ್ಚಿಕೊಂಡಿರಲಿ. ಪರೀಕ್ಷೆ ಮುಗಿದ ಮೇಲೆ ಅದನ್ನು ಅಳಿಸಿ ನಿಜವಾದದ್ದನ್ನು ತುಂಬಬೇಕು, ತುಂಬಿ ಒಮ್ಮೆ ಕೂಗಿಸಿ ಕಿವಿಯಾರೆ ಕೇಳಬೇಕು, ಕೇಳಿದ ಮೇಲೆ ಆ ಹೆಂಗಸರಲ್ಲಿ ಹಿರಿಯಳಾದ ಒತೀಲಿಯಾ ತನ್ನ ಉಗುರುಬಣ್ಣದ ಸೀಸೆ ತೆಗೆದು ಚಿಪ್ಪಿನ ಮೇಲೆ ಒಂದು ಕೆಂಪು ಚುಕ್ಕೆ ಇಡಬೇಕು, ಚುಕ್ಕೆ ಇದ್ದರೆ ಕೂಗುತ್ತದೆ ಎಂದರ್ಥ, ಹನ್ನೊಂದು ವರ್ಷದಿಂದ ನಮ್ಮಲ್ಲಿ ಬೇರೆ ಮುದ್ರೆಯೇ ಇಲ್ಲ. ಡಿಸೆಂಬರ್ ಹದಿಮೂರು, ಒತೀಲಿಯಾಳ ಹೆಸರಿನ ಸಂತಳ ದಿನ, ನಮ್ಮಲ್ಲಿ ಹುಟ್ಟುಹಬ್ಬದ ಹಾಗೆ ನಡೆಸುವ ದಿನ, ಗಸಗಸೆ ಕೇಕು ಮಾಡಿ ತಂದಿದ್ದಳು, ಚೆರಿಹಣ್ಣಿನ ಮದ್ಯ, ಎಲ್ಲರೂ ಆಗಲೇ ಅವಳಿಗಾಗಿ ಹಾಡುತ್ತಿದ್ದರು, ಹತ್ತು ಪೆಟ್ಟಿಗೆ ಉಳಿದಿದ್ದವು, ಲೇ ಇಗ್ನಾಸ್, ಇವಕ್ಕೆ ಚುಕ್ಕೆ ಇಡ್ಲೋ ಬ್ಯಾಡ್ವೋ, ನನ್ನ ಹಬ್ಬದ ದಿನ ನಾನೇ ದುಡೀಬೇಕೇನೋ ಮಗಾ? ಇಟ್ಬಿಡಿ ಒತೀಲಿಯಾಮ್ಮಾ, ಕೇಕ್ ತಿಂದು ಬಂದು ನಾನು ತುಂಬಿಸ್ತೀನಿ. ಇಟ್ಟಳು. ಹತ್ತೂ ಪೆಟ್ಟಿಗೆಗೆ ಮುಚ್ಚಳ ಹಾಕಿದಳು. ಎರಡನೇ ಲೋಟ ಮುಗಿಸಿ ಬಂದಾಗ ಮೇಜು ಖಾಲಿ, ಕೊರಿಯರ್‌ನವನು ಬೇಗ ಬಂದು ಒಯ್ದಿದ್ದ, ಮೇಜು ಖಾಲಿ ಇದೆಯೆಂದು ನನಗೆ ಸಂತೋಷವಾಯಿತು, ಇಷ್ಟೇ, ಕೆಲಸ ಮುಗಿಯಿತಲ್ಲ ಎಂಬ ಸಂತೋಷ, ಬಾಯಲ್ಲಿ ಇನ್ನೂ ಗಸಗಸೆ ಇತ್ತು.

ಸಾಹೇಬ್ರೇ, ಬ್ಯಾಟರಿ ಸತ್ತಿತ್ತಾ? ಮೇಡಂ ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿದ್ದಾರೆ, ನಾನು ಹೌದು ಎನ್ನಬಹುದು, ಒಂದು ಹೌದು ಸಾಕು, ಚಿಪ್ಪನ್ನು ಇನ್ನೊಬ್ಬ ಓದುವುದಿಲ್ಲ, ಓದಲು ಬೇಕಾದ ತಂತಿ ನನ್ನ ಡ್ರಾಯರಿನಲ್ಲಿದೆ, ಗವ್ಲಿಕ್ ಸಾಯುವ ತನಕ ಆ ಶನಿವಾರವನ್ನು ಹೊತ್ತುಕೊಂಡು ಟ್ರಾಮ್ ಓಡಿಸುತ್ತಾನೆ, ನಾನು ಊಟ ಮಾಡುತ್ತೇನೆ, ನಲವತ್ತು ಜನ ಊಟ ಮಾಡುತ್ತಾರೆ — ಹತ್ತರಲ್ಲಿ ಒಂದು ಕಳೆದರೆ ಒಂಬತ್ತು, ಮಂಗಳವಾರದಿಂದ ಹಲ್ಲುಜ್ಜುವಾಗಲೂ ಇದೇ ಲೆಕ್ಕ, ಒಂಬತ್ತು. ಇಲ್ಲ ಮೇಡಂ, ಬ್ಯಾಟರಿ ತುಂಬಿತ್ತು. ಯಾರ ದನಿಯೋ ಅನ್ನಿಸಿತು, ಬೆರಳುಗಳು ಓಡಲಿಲ್ಲ, ಗುಮಾಸ್ತೆ ತಲೆಯೆತ್ತಿದಳು. ತುಂಬಿತ್ತು, ಪೆಟ್ಟಿಗೆಗೆ ಎಲ್ಲ ಗೊತ್ತಾಗಿತ್ತು, ಕೂಗಬೇಡ ಎಂದು ನಾನು ಹೇಳಿದ್ದೆ, ಅಳಿಸಲು ಮರೆತೆ, ಹೊರಗೆ ಕೂತಿರುವವರ ತಪ್ಪು ಏನೂ ಇಲ್ಲ, ಇನ್ನೂ ಒಂಬತ್ತು ಹೋಗಿವೆ. ಮೇಡಂ ಎದ್ದು ನಿಂತರು, ಒಂಬತ್ತಾ, ಎಲ್ಲಿಗೆ, ವಿಳಾಸ ಹೇಳ್ರೀ, ಈಗಲೇ. ಸಂತೆಯ ಅಂಗಡಿಗೆ ಮೇಡಂ, ನಿನ್ನೆ ಹೋಗಿ ಕೇಳಿದೆ, ಎಲ್ಲಾ ಜನವರಿಲೇ ಖಾಲಿ ಮಾರಾಯ, ತಗೊಂಡೋರ ಹೆಸರು ಯಾವನು ಬರ್ಕೊಳ್ತಾನೆ ಎಂದ ಅಂಗಡಿಯವನು. ಅಂದ್ರೆ ನಿಮಗೆ ಗೊತ್ತಿಲ್ಲ? ಗೊತ್ತಿಲ್ಲ. ಮೇಡಂ ಫೋನಿನಲ್ಲಿ ರೇಡಿಯೋದವರನ್ನು ಕೇಳುತ್ತಿದ್ದಾರೆ, ಮಧ್ಯಾಹ್ನದ ವಾರ್ತೆಯಲ್ಲಿ, ಹೌದು ಇವತ್ತೇ, ಯಾರಾದರೂ ಕೇಳಿಯಾರು, ಯಾರಾದರೂ ಕೇಳದೆ ಸ್ನಾನಕ್ಕೆ ಹೋದಾರು, ಬಾಗಿಲ ಮೇಲೆ ಬಿಳಿ ಪೆಟ್ಟಿಗೆ, ಕನ್ನಡಿ ಆವಿಯಲ್ಲಿ ಮಸುಕು, ನೀರು ಇನ್ನೂ ಬಿಸಿ, ಪುಟ್ಟ ಕೆಂಪು ದೀಪ ಮಿನುಗುತ್ತಿದೆ, ಆರುತ್ತಿದೆ, ಪಕ್ಕದ ಕೋಣೆಯಲ್ಲಿ ಯಾರೋ ಆಲೂಗಡ್ಡೆ ಸುಲಿಯುತ್ತಿದ್ದಾರೆ, ಕೆಂಪು ದೀಪ ಮಿನುಗುತ್ತಿದೆ, ಆರುತ್ತಿದೆ, ಸದ್ದಿಲ್ಲ, ಮಿನುಗುತ್ತಿದೆ