ಹಗೇವಿಗೆ ಇಳಿದ ಭೋಂಗಾ

ಸುರಪುರದಲ್ಲಿ ಆಗ ಭೋಂಗಾ ಇದ್ದದ್ದು ನನ್ನೊಬ್ಬನ ಹತ್ತಿರ. ಮೋಟಾರಿನ ಬ್ಯಾಟರಿಯ ಮೇಲೆ ನಡೆಯುವ, ದನಿ ಹಿಗ್ಗಿಸುವ ಮಶೀನು ಒಂದು, ಆ ದನಿಯನ್ನು ಊರಿಗೆಲ್ಲ ಸಾರುವ ತಗಡಿನ ಭೋಂಗಾ ಎರಡು. ಸುತ್ತಲಿನ ಯಾವುದೇ ಊರಿನಲ್ಲಿ ಅತಿ ಎತ್ತರದ ಬೇವಿನ ಮರ ಎಲ್ಲಿದೆ ಎಂದು ನನ್ನನ್ನೇ ಕೇಳಬೇಕಿತ್ತು, ಯಾಕೆಂದರೆ ಅದರ ತುದಿಗೆ ಹತ್ತಿ ಭೋಂಗಾ ಕಟ್ಟಿದವನು ನಾನು. ಮುಂದಿನ ಊರಿಗೆ ಕೇಳಿಸದಿದ್ದರೆ ಅದು ಮದುವೆಯೇ ಅಲ್ಲ ಎಂದು ಜನ ನಂಬಿದ್ದರು. ಜನಕ್ಕಿಂತ ಹೆಚ್ಚು ನಾನು ನಂಬಿದ್ದೆ.

ನಮ್ಮ ಸೀಮೆ ಮೈಸೂರಿನ ಜೊತೆ ಕೂಡುತ್ತದಂತೆ ಎಂಬ ಮಾತು ಚಹಾದಂಗಡಿಗಳಲ್ಲಿ ಎದ್ದಿದ್ದ ವರ್ಷ ಅದು. ನಾನು ಭೋಂಗಾ ಕಟ್ಟುತ್ತಿದ್ದ ರಾಜಾಸಾಬನ ಮದುವೆ ಬ್ಯಾಂಡಿಗೆ ಸಿಕಂದರ ಬಂದದ್ದೂ ಆಗಲೇ. ಮೊದಲು ನಿಜಾಮರ ಫೌಜಿನ ಬ್ಯಾಂಡಿನಲ್ಲಿದ್ದ. ಆ ಫೌಜು ಹೋದ ಮೇಲೆ ಹೈದರಾಬಾದಿನಲ್ಲಿ ಅಲ್ಲಿ ಇಲ್ಲಿ ನುಡಿಸಿಕೊಂಡು, ಕೊನೆಗೆ ಊರಿಗೆ ಮರಳುವಾಗ ಕಂಕುಳಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರು ತಂದಿದ್ದ. ಸಾಗವಾನಿ ಹಲಗೆ ಅವನೇ ಕೆತ್ತಿದ್ದು. ತಂತಿಯ ಕೆಳಗಿನ ಸುರುಳಿಯನ್ನು ಹಳೆಯ ಫೌಜಿ ಟೆಲಿಫೋನಿನಿಂದ ತೆಗೆದ ಕೂದಲೆಳೆಯ ತಂತಿಯಿಂದ ಅವನೇ ಸುತ್ತಿದ್ದು. ಅದನ್ನು ತೊಡೆಯ ಮೇಲೆ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುತ್ತಿದ್ದ. ದನಿ ಬರುತ್ತಿದ್ದದ್ದು ಮಾತ್ರ ನನ್ನ ಮಶೀನಿನಿಂದ. ಹಾಗಾಗಿ ದನಿಯೆಲ್ಲ ನನ್ನದೇ ಎಂಬ ಸೊಕ್ಕು ನನಗೆ.

ಹುಣಸಗಿಯ ಮದುವೆಯಲ್ಲಿ ಆ ಸೊಕ್ಕು ಕೆಲಸ ಮಾಡಿತು. ದನಿ ಇಳಿಸು ಎಂದು ಸಿಕಂದರ ಎರಡು ಸಲ ಕೈಸನ್ನೆ ಮಾಡಿದ. ನಾನು ಮಶೀನಿನ ದನಿಯ ಬಿರಡೆಯನ್ನು ಕೊನೆಯವರೆಗೂ ತಿರುವಿಬಿಟ್ಟೆ. ಗಿಟಾರು ತಗಡು ಕೊಯ್ದಂತೆ ಕಿರುಚಿತು. ಬೀಗರ ಎತ್ತುಗಳು ಹಗ್ಗ ಹರಿದುಕೊಂಡು ಓಡಿದವು. ರಾಜಾಸಾಬ ಕೆನ್ನೆ ಉಬ್ಬಿಸಿ ಕ್ಲಾರಿಯೋನೆಟ್ ಊದುತ್ತಿದ್ದುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

ಮರುದಿನ ರಾಜಾಸಾಬ ಎಲ್ಲರ ಮುಂದೆಯೇ ಹೇಳಿದ: "ಸಿಕಂದರ, ನಿನ್ನ ವಾದ್ಯ ನನ್ನ ನುಂಗಾಕತ್ತೈತಿ. ಕೆಂಭಾವಿ ಮದುವಿ ಒಂದು ನೋಡ್ತೀನಿ. ಅಲ್ಲೀನೂ ಹಿಂಗಾದ್ರ ಅದನ್ನ ಅಟ್ಟದ ಮ್ಯಾಲ ಇಟ್ಟು ಝಾಂಜ್ ಹಿಡಿ."

ಝಾಂಜ್ ಎಂದರೆ ಎರಡು ಹಿತ್ತಾಳೆ ತಾಟು. ಬಡಿಯಲು ಯಾರಾದರೂ ಆದೀತು. ಸಿಕಂದರನ ಮುಖ ಬಿಳಿಚಿತು, ಆದರೆ ಅವನು ನನ್ನತ್ತ ಬೆರಳು ತೋರಿಸಲಿಲ್ಲ. "ಹೌದ್ರಿ ಉಸ್ತಾದ್" ಎಂದನಷ್ಟೇ. ನಾನೂ ಬಾಯಿ ಬಿಡಲಿಲ್ಲ. ನಾಚಿಕೆಗೆಟ್ಟವನು ನಾನು.

ಕೆಂಭಾವಿಯಲ್ಲಿ ವ್ಯಾಪಾರಿ ಬಸವಂತ್ರಾಯರ ಮಗಳ ಮದುವೆ. ಬೆಳಿಗ್ಗೆ ನಾನು ಹಗ್ಗ ಹೆಗಲಿಗೇರಿಸಿ ಬೇವಿನ ಮರ ನೋಡುತ್ತಿದ್ದರೆ, ಸಿಕಂದರ ಅಂಗಳದ ತುಂಬ ಚಪ್ಪಾಳೆ ತಟ್ಟುತ್ತ ಓಡಾಡುತ್ತಿದ್ದ. ಗೋಡೆಯ ಹತ್ತಿರ ಒಂದು ಚಪ್ಪಾಳೆ, ಕಟ್ಟೆಯ ಹತ್ತಿರ ಒಂದು, ಆಮೇಲೆ ಕಿವಿಗೊಟ್ಟು ನಿಲ್ಲುವುದು. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಅಂಗಳದ ಮೂಲೆಯಲ್ಲಿ ಹಗೇವು ಇತ್ತು, ಜೋಳ ತುಂಬಿಡುವ ನೆಲದೊಳಗಿನ ಕೋಣೆ. ಮದುವೆಯ ಅಡಿಗೆಗೆಂದು ಮೂರು ದಿನದ ಹಿಂದೆ ಬಾಯಿಗಲ್ಲು ಸರಿಸಿ, ಕಂದೀಲು ಇಳಿಸಿ ಗಾಳಿ ನೋಡಿ, ಜೋಳವನ್ನೆಲ್ಲ ತೆಗೆದಿದ್ದರು. ಸಿಕಂದರ ಅದರ ಬಾಯಿಯ ಹತ್ತಿರ ಬೋರಲು ಮಲಗಿ ಒಳಗೆ ಸಣ್ಣಗೆ "ಹೂಂ" ಎಂದ. ಒಳಗಿನಿಂದ ದುಂಡನೆಯ "ಹೂಂ" ಮರಳಿ ಬಂತು.

"ಹಂಪಣ್ಣಾ," ಎಂದು ನನ್ನನ್ನು ಕರೆದ. "ಭೋಂಗಾ ಇದರಾಗ ಇಳಿಬಿಡು."

"ತಲಿ ಕೆಟ್ಟದೇನು? ಭೋಂಗಾ ಗಿಡದ ಮ್ಯಾಲ ಕಟ್ಟೂದು, ಹಗೇವಿನ್ಯಾಗಲ್ಲ!"

"ಒಂದು ಸಲ. ಬಿರಡಿ ಕಾಲುಭಾಗ ಮಾತ್ರ ತಿರುವು. ಝಾಂಜ್ ಹಿಡಿಯಾಕ ನನಗ ಮನಸಿಲ್ಲೋ ಅಣ್ಣಾ."

ಅವನು ಹುಣಸಗಿಯ ಹೆಸರೆತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಮರ ಹತ್ತುತ್ತಿದ್ದೆ. ಎತ್ತದೆ ಇದ್ದುದಕ್ಕೇ ಹಗ್ಗ ಬಿಚ್ಚಿ ಭೋಂಗಾವನ್ನು ಹಗೇವಿಗೆ ಇಳಿಬಿಡತೊಡಗಿದೆ.

ಅಷ್ಟರಲ್ಲಿ ಬಸವಂತ್ರಾಯರು ಓಡಿ ಬಂದರು. "ಏನಿದು? ನಮ್ಮ ಮದುವಿ ಹುಣಸಗಿತನಕ ಕೇಳಬೇಕು!"

ಅವರ ತಾಯಿ ಗೊಲ್ಲಾಳಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಮದುವೆ ಮನೆಯಲ್ಲಿ ಹಗೇವು ಬರಿದಾಯಿತಲ್ಲ ಎಂದು ಮೂರು ದಿನದಿಂದ ಮುಖ ಸಪ್ಪೆ ಮಾಡಿಕೊಂಡಿದ್ದ ಮುದುಕಿ. "ಹುಣಸಗಿಯವರು ಉಣ್ಣಾಕ ಬಂದಾರೇನು? ಬಂದವರಿಗೆ ಕೇಳಿದ್ರ ಸಾಕು," ಎಂದಳು. "ಬರಿದ ಹಗೇವಿನ್ಯಾಗ ಏನರ ತುಂಬ್ತಾರಂದ್ರ ತುಂಬ್ಲಿ ಬಿಡು." ಮಗ ಅಡಿಗೆಯವರತ್ತ ಹೊರಟುಹೋದ.

ಅಕ್ಷತೆಗೆ ಮುಂಚೆ ಸಿಕಂದರ ಮೊದಲ ಸ್ವರ ಎಳೆದ. ಅದು ಮೊದಲು ನನ್ನ ಅಂಗಾಲಿಗೆ ತಾಕಿತು, ಆಮೇಲೆ ಕಿವಿಗೆ ಬಂತು. ತಗಡಿನ ಕಿರುಚು ಎಲ್ಲಿ ಹೋಯಿತೋ! ಹಗೇವು ಪ್ರತಿ ಸ್ವರವನ್ನೂ ಒಂದು ಗಳಿಗೆ ಇಟ್ಟುಕೊಂಡು ಮೆತ್ತಗೆ ಮಾಡಿ ಕೊಡುತ್ತಿತ್ತು. ಸಿಕಂದರ ಅದು ಮರಳುವವರೆಗೂ ಕಾದು ಮುಂದಿನದಕ್ಕೆ ಹೋಗುತ್ತಿದ್ದ. ಎಂಥ ತಾಳ್ಮೆ ಅವನ ಬೆರಳುಗಳಿಗೆ! ಬೇರೆ ಯಾರ ಕೈಗೆ ಆ ಹಗೇವು ಕೊಟ್ಟಿದ್ದರೂ ಗದ್ದಲವೇ ಆಗುತ್ತಿತ್ತು. ರಾಜಾಸಾಬ ಹುಬ್ಬು ಗಂಟಿಕ್ಕಿಯೇ ಕ್ಲಾರಿಯೋನೆಟ್ ತುಟಿಗಿಟ್ಟ. ಗಿಟಾರು ಕೆಳಗಿಳಿದು ನೆಲವಾಯಿತು, ಕ್ಲಾರಿಯೋನೆಟ್ ಅದರ ಮೇಲೆ ನಡೆಯಿತು. ಹತ್ತು ವರ್ಷದಿಂದ ಕೇಳುತ್ತಿದ್ದ ಆ ಮುದುಕನ ಊದು ಇಷ್ಟು ಸಣ್ಣ ಬಳುಕುಗಳನ್ನು ಒಳಗಿಟ್ಟುಕೊಂಡಿತ್ತೆಂದು ನನಗೆ ಗೊತ್ತಾದದ್ದು ಅವತ್ತೇ. ಮರದ ಮೇಲಿನ ನನ್ನ ಭೋಂಗಾದ ಗದ್ದಲವೇ ಅದನ್ನೆಲ್ಲ ಇಷ್ಟು ದಿನ ಮುಚ್ಚಿತ್ತು.

ಗೊಲ್ಲಾಳಮ್ಮ ಎದ್ದು ಬಂದು ಹಗೇವಿನ ಬಾಯಿಗೆ ಒಂದು ಹಿಡಿ ಅಕ್ಷತೆ ಹಾಕಿ ಹೋದಳು.

ಊಟವಾದ ಮೇಲೆ ನಾನು ರಾಜಾಸಾಬನ ಮುಂದೆ ನಿಂತೆ. "ಉಸ್ತಾದ್, ಹುಣಸಗ್ಯಾಗ ಅವನದು ತಪ್ಪಿರಲಿಲ್ರಿ. ಅವ ಬ್ಯಾಡ ಅಂದ್ರೂ ಬಿರಡಿ ತಿರುವಿದಾಂವ ನಾನು."

ರಾಜಾಸಾಬ ಕ್ಲಾರಿಯೋನೆಟ್ ಒರೆಸುವುದನ್ನು ನಿಲ್ಲಿಸಿ ನನ್ನನ್ನೊಮ್ಮೆ, ಸಿಕಂದರನನ್ನೊಮ್ಮೆ ನೋಡಿದ. ಚೀಲಕ್ಕೆ ಕೈ ಹಾಕಿ ಆ ಎರಡು ಹಿತ್ತಾಳೆ ತಾಟು ತೆಗೆದು ನನ್ನ ಕೈಯಲ್ಲಿಟ್ಟ.

"ಇವತ್ತಿನಿಂದ ಬಿರಡಿ ಅವನ ಕೈಯಾಗ. ಇದನ್ನ ನೀ ಹಿಡಿ."

ಮುಂದಿನ ವಾರ ಶಹಾಪುರದವರು ಮದುವೆಗೆ ಬ್ಯಾಂಡು ಗೊತ್ತು ಮಾಡಲು ಬಂದರು. ರಾಜಾಸಾಬ ದಿನ ಕೇಳಲಿಲ್ಲ, ಮರದ ಮಾತೂ ಎತ್ತಲಿಲ್ಲ. ಸಿಕಂದರನನ್ನು ಪಕ್ಕಕ್ಕೆ ಕೂಡಿಸಿಕೊಂಡು, "ನಿಮ್ಮ ಮನ್ಯಾಗ ಹಗೇವು ಐತೇನ್ರಿ?" ಎಂದು ಕೇಳಿದ. ನಾನು ಹಿಂದೆ ಝಾಂಜ್ ಹಿಡಿದು ನಿಂತಿದ್ದೆ.