ಐದನೆಯ ಕಾಗದ

ಅರಿಶಿನ ಬಳಿದ ಐದನೆಯ ಕಾಗದ ಕೆಂಪಾದಾಗ ಏಳನೆಯ ತರಗತಿಯ ಮೂವತ್ತೊಂದು ಮಕ್ಕಳೂ ಉಸಿರು ಬಿಗಿಹಿಡಿದರು. ಸುಳ್ಳಲ್ಲ, ಗೋಡೆಯ ಮೇಲಿನ ಹಲ್ಲಿಯೂ ಹಿಡಿಯಿತು.

ಅತಿಯಾ ಟೀಚರು ಒಂದು ತಿಂಗಳಿಂದ ಪುಸ್ತಕ ಮುಚ್ಚಿಸಿ ಒಂದೇ ಪ್ರಶ್ನೆ ಹಿಡಿಸಿದ್ದರು: ನಾವು ಕುಡಿಯುವ ಕೆರೆಯ ನೀರು ಎಂಥದು? ಗಣಿತಕ್ಕೆ ಕೆರೆಯ ಅಳತೆ, ಸಮಾಜಕ್ಕೆ ಅದರ ಚರಿತ್ರೆ, ವಿಜ್ಞಾನಕ್ಕೆ ಈ ಕಾಗದ. ಸೋಪು ಬೆರೆತಿದ್ದರೆ ಕೆಂಪಾಗುತ್ತದೆ. ನಾಲ್ಕು ಕಡೆಯ ನೀರಿಗೆ ಹಳದಿಯಾಗಿಯೇ ಉಳಿದಿತ್ತು. ಐದನೆಯದು ಮೆಟ್ಟಿಲ ಬಳಿಯ ನೀರು, ಐಶ್ವರ್ಯ ಹಿತ್ತಾಳೆಯ ಚರಿಗೆಯಲ್ಲಿ ತಂದದ್ದು.

ಅವಳ ಅಜ್ಜ ಮಡಿವಾಳೆಪ್ಪ ಶಾಲಾ ಸಮಿತಿಯ ಅಧ್ಯಕ್ಷರು. ಪುಸ್ತಕವಿಲ್ಲದ ಈ ಪಾಠ ನಿಲ್ಲಿಸಲೆಂದೇ ಬಂದು ಕೂತವರು ಎದ್ದರು. ಅವರು ಎದ್ದು ನಿಂತರೆ ನೆರಳು ಆಚೆ ಊರು ಅಣ್ಣಿಗೇರಿಯನ್ನು ಮುಟ್ಟುತ್ತದೆ.

"ಯಾರೋ ಮೆಟ್ಟಲ ಮ್ಯಾಲ ಸೋಪ ಹಚ್ಚಿ ಅರಬಿ ಒಗದಾರ. ಕುತುಬುದ್ದೀನನ್ನ ಕರೀರಿ."

ಕುತುಬುದ್ದೀನ ಕೆರೆಯ ಕಾವಲುಗಾರ. ಇಪ್ಪತ್ತೆರಡು ವರ್ಷ ಗಾಳಿಗೂ ಚಪ್ಪಲಿ ಬಿಡಿಸಿಯೇ ಕೆರೆಗೆ ಇಳಿಸಿದವನು. ಬಂದು ಬಾಗಿಲಲ್ಲಿ ನಿಂತ.

"ನಾಳಿಂದ ಬರಬ್ಯಾಡಪಾ. ಬ್ಯಾರೆಯವರನ್ನ ಹಚ್ಚತೇವಿ."

"ಗೌಡ್ರ, ಕಾಲ ತೊಳಕೊಳ್ಳಾಕೂ ಯಾರನ್ನೂ ಬಿಟ್ಟಿಲ್ರಿ ನಾ."

"ಹಂಗಾರ ಕಾಗದ ಸುಳ್ಳ ಹೇಳತೈತೇನ?"

"ಅದನ್ನ ಕೇಳೂಣ್ರಿ," ಎಂದರು ಅತಿಯಾ. "ಐಶ್ವರ್ಯ, ನೀರ ಹೆಂಗ ತಂದಿ? ವಹಿಯೊಳಗ ಬರದದ್ದು ಓದು."

ಐಶ್ವರ್ಯ ಓದಿದಳು. "ಕೆರಿ ನೀರು ಬಾಟಲ್ಯಾಗ ತರಬಾರದು ಅಂದ್ಲು ಆಯಿ. ಚರಿಗಿಗೆ ಬೂದಿ ಹಚ್ಚಿ ಫಳಫಳ ತಿಕ್ಕಿದೆ." ಬೆರಳು ನಿಂತಿತು. ಮುಂದೆ ವಹಿಯಲ್ಲಿ ಏನೂ ಇರಲಿಲ್ಲ. ಅಜ್ಜ ನೋಡುತ್ತಿದ್ದರು. ಬಾಗಿಲಲ್ಲಿ ಕುತುಬುದ್ದೀನ ಟೊಪ್ಪಿಗೆ ತೆಗೆದು ಮಡಚುತ್ತಿದ್ದ.

"ಸಾಲಿ ಗಂಟಿ ಹೊಡೀತು," ಎಂದಳು. "ಬೂದಿ ತೊಳೀಲಿಲ್ರಿ."

ಅತಿಯಾ ಚರಿಗೆಯ ಕಂಠದೊಳಗೆ ಬೆರಳಾಡಿಸಿದರು. ಬೆರಳಿಗೆ ಬೂದಿ ಅಂಟಿತು. ಒಂದು ಹೊಸ ಕಾಗದಕ್ಕೆ ಅದನ್ನು ಒರೆಸಿ ಹನಿ ನೀರು ಹಾಕಿದರು. ಕೆಂಪು, ಕುಂಕುಮದಂತೆ.

ಮಡಿವಾಳೆಪ್ಪ ಚರಿಗೆ ಎತ್ತಿಕೊಂಡು ನಲ್ಲಿಯಲ್ಲಿ ತೊಳೆದರು. ಏಳು ಸಲ, ಮಕ್ಕಳು ಎಣಿಸಿದರು. ಆಮೇಲೆ ಕೆರೆಯ ಕಡೆ ನಡೆದರು. ಹಿಂದೆ ಇಡೀ ತರಗತಿ, ಎಲ್ಲರ ಕೊನೆಗೆ ಕುತುಬುದ್ದೀನ.

ಮೊದಲ ಮೆಟ್ಟಿಲಿಗೆ ಅವರು ಕಾಲಿಡುವಾಗ ಹಿಂದಿನಿಂದ ದನಿ ಬಂತು.

"ಗೌಡ್ರ, ಚಪ್ಪಲಿ."

ಅವರು ನಿಂತರು. ನೀರಿನ ಮೇಲೆ ಗಾಳಿಯೂ ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಐಶ್ವರ್ಯ ಅಜ್ಜ ಚರಿಗೆಯಲ್ಲಿ ತುಂಬಿದ ನೀರಿಗೆ ಹಳದಿ ಕಾಗದವೊಂದನ್ನು ಅದ್ದಿ, ಬಿಸಿಲಿಗೆ ಹಿಡಿದು ನೂರರವರೆಗೆ ಎಣಿಸಿದಳು. ಅದು ಹಳದಿಯಾಗಿಯೇ ಇತ್ತು. ಕುತುಬುದ್ದೀನ ಅತ್ತ ನೋಡಲಿಲ್ಲ. ದಂಡೆಯ ಮೇಲೆ, ಮಕ್ಕಳ ಸಣ್ಣ ಚಪ್ಪಲಿಗಳ ಸಾಲಿನ ತುದಿಗೆ, ದೊಡ್ಡ ಜೋಡಿಯೊಂದು ಬಿಸಿಲು ಕಾಯುತ್ತಿತ್ತು.